ಶಾಣ್ಯಾ ಕೂಸು

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ಗಾದೆ ಇದೆಯಲ್ಲ, ಅದು ಬೇರೆ ಓಣಿಗಳ ಗಾದೆ. ರಾಯವ್ವನ ಕೇರಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಅಳದ ಕೂಸೇ ಒಳ್ಳೆಯ ಕೂಸು. ಅಳುವ ಕೂಸನ್ನು ಕಟ್ಟಿಕೊಂಡು ದುಡಿಯಲು ಹೋಗಲಾಗದು, ದುಡಿಯದೆ ಹೋದರೆ ಎದೆಯಲ್ಲಿ ಹಾಲೂ ಇರದು.

ರಾಯವ್ವ ಪಟ್ಟಣ ಪಂಚಾಯಿತಿಯ ಕಸದ ಗಾಡಿ ತಳ್ಳುವವಳು. ಗೋವೆಗೆ ಕಟ್ಟಡದ ಗೌಂಡಿ ಕೆಲಸಕ್ಕೆ ಹೋದ ಗಂಡ ಹಬ್ಬಕ್ಕೊಮ್ಮೆ ಬರುತ್ತಾನೆ, ಕೆಲವು ಹಬ್ಬಕ್ಕೆ ಬರುವುದೂ ಇಲ್ಲ. ಅತ್ತೆ ತೀರಿಹೋಗಿದ್ದಾಳೆ. ಮಗ ಭೀಮಶಿಗೆ ವರ್ಷ ತುಂಬಿ ಸ್ವಲ್ಪ ದಿನವಾಗಿದೆ. ಅವನನ್ನು ಬಿಟ್ಟುಹೋಗಲು ಜನವೂ ಇಲ್ಲ, ಜಾಗವೂ ಇಲ್ಲ. ಅದಕ್ಕೇ ಗಾಡಿಯ ಹಿಡಿಕೆಗೆ ಒಂದು ಟೊಮೆಟೊ ಕ್ರೇಟು ಬಿಗಿದು, ಅದರೊಳಗೆ ಹಳೆಯ ಸೀರೆ ಹಾಸಿ, ಮಗನನ್ನು ಕೂರಿಸಿಕೊಂಡು ನಸುಕಿನಲ್ಲೇ ಹೊರಡುತ್ತಾಳೆ. ಮುಂದೆ ಊರಿನ ಕಸ, ಈಚೆಗೆ ತನ್ನ ಕೂಸು. ಸೀಟಿ ಊದುತ್ತ ಬಾಗಿಲು ಬಾಗಿಲಿಗೆ ನಿಲ್ಲುತ್ತಾಳೆ.

ಮೊದಮೊದಲು ಭೀಮಶಿ ಅಳುತ್ತಿದ್ದ. ಪೇಟೆ ಓಣಿಯ ಕಿರಾಣಿ ಅಂಗಡಿಯವರ ಮನೆಯ ಸಾವಿತ್ರೆವ್ವ ಒಂದು ದಿನ ಕಸದ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತು ಹೇಳಿದ್ದಳು.

"ರಾಯವ್ವಾ, ಎದ್ದ ಕೂಡ್ಲೆ ಬಾಗಲಾ ತೆಗದ್ರ ನಿನ್ನ ಕೂಸಿನ ಅಳು. ಪೂಜಿ ಹೊತ್ತಿನ್ಯಾಗ ಇದು ಬರೋಬರಿ ಅನಸೂದಿಲ್ಲ ನೋಡು. ಸುಮ್ಮ ಇರಾಕ ಕಲಸು ಅದಕ್ಕ."

ಸಾವಿತ್ರೆವ್ವ ಕೆಟ್ಟವಳೇನಲ್ಲ. ಹಬ್ಬದ ಮರುದಿನ ಹೋಳಿಗೆ ಕೊಡುತ್ತಾಳೆ, ಮೇಲಿನಿಂದ, ರಾಯವ್ವನ ಸೆರಗಿಗೆ ಬೀಳುವ ಹಾಗೆ. ಅವಳು ಹೇಳಿದ್ದನ್ನೇ ಉಳಿದ ಮನೆಗಳವರೂ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ರಾಯವ್ವ ಕಲಿಸಿದಳು. ಬೆಲ್ಲದ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಬಾಯಿಗಿಟ್ಟಳು. ತುಟಿಯ ಮೇಲೆ ಬೆರಳಿಟ್ಟು ಶ್ಶ್ ಎಂದಳು. ಅದಕ್ಕೂ ನಿಲ್ಲದಿದ್ದಾಗ ಒಂದೆರಡು ಸಲ ಅಂಗೈಯಿಂದ ಬಾಯಿ ಮುಚ್ಚಿದ್ದೂ ಉಂಟು. ಸಾಕುನಾಯಿ ಒಳಗೆ ಬೊಗಳಿದರೆ ಯಾರೂ ಏನೂ ಅನ್ನದ ಓಣಿ ಅದು.

ಮಗ ಬೇಗ ಕಲಿತ. ಅವ್ವನ ಬೆರಳು ಮೇಲೆದ್ದರೆ ಸಾಕು, ಅಳುವುದನ್ನು ಅರ್ಧಕ್ಕೆ ನುಂಗುತ್ತಿದ್ದ. ಸಾವಿತ್ರೆವ್ವ ಕ್ರೇಟಿನೊಳಗೊಂದು ಬಿಸ್ಕೀಟು ಎಸೆದು, "ಶಾಣ್ಯಾ ಕೂಸು ನೋಡು," ಅಂದಳು. ಆ ದಿನ ರಾಯವ್ವನಿಗೆ ಗಾಡಿ ಭಾರ ಅನಿಸಲಿಲ್ಲ. ಆ ಓಣಿಯಲ್ಲಿ ಅವಳ ಮನೆತನದ ಯಾರನ್ನೂ ಯಾರೂ ಹಾಗೆ ಹೊಗಳಿರಲಿಲ್ಲ.

ಮಳೆಗಾಲದ ಮೊದಲಿಗೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು. ಗಟಾರ ತೋಡುವವರ ಯಂತ್ರ ಎಲ್ಲೋ ಕುಡಿಯುವ ನೀರಿನ ಪೈಪು ಒಡೆದಿತ್ತು. ನಳದಲ್ಲಿ ಮೊದಲು ಕೆಂಪು ನೀರು ಬಂತು, ಆಮೇಲೆ ನಾತ ಬಂತು. ದೊಡ್ಡ ಓಣಿಗಳಿಗೆ ಟ್ಯಾಂಕರು ಹೋಯಿತು. ಕೇರಿಯೊಳಗೆ ಟ್ಯಾಂಕರು ತಿರುಗುವಷ್ಟು ಅಗಲವಿಲ್ಲ ಎಂದರು. ಓಟು ಕೇಳುವ ಜೀಪು ಅದೇ ದಾರಿಯಲ್ಲಿ ಬಂದು, ಅದೇ ದಾರಿಯಲ್ಲಿ ತಿರುಗಿ ಹೋಗುತ್ತದೆ. ಕೇರಿಯವರು ಗಟಾರದ ಬದಿಯ ನಳದಿಂದಲೇ ಕೊಡ ತುಂಬಿಕೊಂಡರು.

ಭೀಮಶಿಗೂ ಸಂಡಾಸು ಹತ್ತಿತು. ನೀರಿನಂಥದ್ದು, ಮೇಲಿಂದ ಮೇಲೆ. ವಾಂತಿಯೂ ಆಯಿತು. ಪಕ್ಕದ ಮನೆಯ ಶೆಟ್ಟೆವ್ವ ಬಂದು ನೋಡಿದಳು.

"ನೀರ ಕುಡಸಬ್ಯಾಡ ತಂಗಿ. ಕುಡಸಿದಷ್ಟೂ ಹೋಕ್ಕೈತಿ. ಹೊಟ್ಟಿ ಒಣಗಿದ್ರ ತಾನ ನಿಲ್ಲತೈತಿ."

ಶೆಟ್ಟೆವ್ವನ ಅತ್ತೆಯೂ ಹಾಗೇ ಹೇಳಿದ್ದಳು, ಆ ಅತ್ತೆಯ ಅತ್ತೆಯೂ. ರಾಯವ್ವ ಒದ್ದೆ ಬಟ್ಟೆಯಿಂದ ಮಗನ ತುಟಿ ಒರೆಸಿದಳು, ಅಷ್ಟೇ. ಅವನು ಬಟ್ಟೆಯನ್ನೇ ಚೀಪಿದ. ರಾತ್ರಿಯೆಲ್ಲ ಅತ್ತ. ಗಂಟಲು ಕಟ್ಟಿಹೋಗುವಷ್ಟು ಅತ್ತರೂ ಕೆನ್ನೆ ಒಣಗಿಯೇ ಇತ್ತು. ಕಣ್ಣಲ್ಲಿ ನೀರಿಲ್ಲ ಅಂದಮೇಲೆ ಇದು ಹಟದ ಅಳು ಎಂದುಕೊಂಡಳು. ಬೆರಳೆತ್ತಿ ಶ್ಶ್ ಎಂದಳು.

ಬೆಳಗಿನ ಜಾವಕ್ಕೆ ಅವನು ಸುಮ್ಮನಾದ.

ಸುಮ್ಮನಾದ ಎಂದು ರಾಯವ್ವನಿಗೆ ಎಷ್ಟು ಹಗುರವಾಯಿತೆಂದರೆ, ಅವಳು ದೇವರ ಪಟದ ಮುಂದೆ ಕೈ ಮುಗಿದು, ಊದಿನಕಡ್ಡಿ ಹಚ್ಚಿ, ಜಾಕೀಟು ತೊಟ್ಟು ಕೆಲಸಕ್ಕೆ ಹೊರಟಳು. ಕಿತ್ತಳೆ ಬಣ್ಣದ ಜಾಕೀಟು, ಬೆನ್ನ ಮೇಲೆ ಊರಿನ ಹೆಸರು. ಪೇಟೆ ಓಣಿಯಲ್ಲಿ ಸಾವಿತ್ರೆವ್ವ ಕ್ರೇಟಿನೊಳಗೆ ಇಣುಕಿದಳು. "ಇವತ್ತ ಭಾಳ ಶಾಣ್ಯಾ ಆಗ್ಯಾನ," ಅಂದಳು. ರಾಯವ್ವ ಹೂಂ ಎಂದಳು.

ಗಾಡಿ ತುಂಬಿ ಟ್ರ್ಯಾಕ್ಟರಿಗೆ ಸುರಿಯುವ ಹೊತ್ತಿಗೆ ಬಿಸಿಲೇರಿತ್ತು. ಮಗನಿಗೆ ಎದೆ ಕೊಡಲು ಎತ್ತಿಕೊಂಡಳು. ಅವನು ಎದೆ ಹಿಡಿಯಲಿಲ್ಲ. ಬೆಲ್ಲದ ಬಟ್ಟೆ ಬಾಯಿಗಿಟ್ಟರೆ ಜಾರಿ ಬಿತ್ತು. ಕತ್ತು ಅವಳ ತೋಳಿನ ಮೇಲೆ ಅತ್ತಿತ್ತ ಹೊರಳಿತು. ರಾಯವ್ವ ಗಾಡಿಯನ್ನು ಅಲ್ಲೇ ಬಿಟ್ಟು, ಜಾಕೀಟಿನಲ್ಲೇ ಸರಕಾರಿ ದವಾಖಾನೆಗೆ ಓಡಿದಳು.

ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು, ಮಂಚದ ಕೆಳಗೆ ಚಾಪೆಯ ಮೇಲೆ ಇನ್ನಷ್ಟು. ಅಳುವ, ಕಿರುಚುವ, ಕಕ್ಕುವ ಮಕ್ಕಳು. ನೆಲದ ತುಂಬ ಹೊಲಸು. ಕಸ ಗುಡಿಸುವ ಹೆಂಗಸರ ಗುತ್ತಿಗೆ ಮುಗಿದು ವಾರವಾಗಿತ್ತು, ಹೊಸಬರು ಬಂದಿರಲಿಲ್ಲ. ಮೂಗಿಗೆ ಕರ್ಚೀಪು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಗೌರೀಶ ರಾಯವ್ವನ ಜಾಕೀಟನ್ನು ನೋಡಿದ. ಮುಖ ಅರಳಿತು.

"ಪಂಚಾಯ್ತಿಯಿಂದ ಕಳಿಸ್ಯಾರೇನು? ಛಲೋ ಆತು. ಬಾ ಬಾ."

"ಇಲ್ರಿ ಸಾಹೇಬ್ರ. ಕೂಸಿಗೆ ಆರಾಮಿಲ್ರಿ. ತೋರಸಾಕ ಬಂದೇನ್ರಿ."

"ತೋರಸೂಣಂತ. ಎಲ್ಲಾರೂ ತೋರಸಾಕ ಬಂದಾರ. ಡಾಕ್ಟರ್ ರೌಂಡಿಗೆ ಬರತಾರ ಈಗ, ಈ ಹೊಲಸಿನ್ಯಾಗ ಹೆಂಗ ನಿಂದರತಾರ ಅವರು? ಒಂದೀಟ ಬಳದ ಬಿಡು. ಅಷ್ಟರಾಗ ನಿನ್ನ ಪಾಳಿನೂ ಬರತೈತಿ."

ಬಕೀಟನ್ನು ಕಾಲಿನಿಂದ ಅವಳತ್ತ ನೂಕಿದ.

ಇಲ್ಲಿ ಒಂದು ಮಾತು ಹೇಳಬೇಕು. ರಾಯವ್ವ ಹೆದರಿ ಬಳಿಯಲಿಲ್ಲ. ಯಾರೂ ಅವಳ ಕೈ ಹಿಡಿದು ಎಳೆಯಲಿಲ್ಲ. ಬಕೀಟು ಎದುರಿಗೆ ಬಂದಾಗ ಅವಳ ಕೈ ತಾನಾಗಿಯೇ ಹೋಯಿತು. ಅವಳ ಅವ್ವನ ಕೈಯೂ ಹೀಗೇ ಹೋಗುತ್ತಿತ್ತು. ಹೊಲಸು ಕಂಡಲ್ಲಿ ಬಾಗುವುದನ್ನು ಆ ಬೆನ್ನುಗಳಿಗೆ ನಡೆಯುವುದಕ್ಕಿಂತ ಮೊದಲೇ ಕಲಿಸಲಾಗಿದೆ. ಅವಳು ಬಾಗಿಲ ಹಿಂದಿನ ಮೂಲೆಯಲ್ಲಿ ಸೀರೆ ಮಡಿಸಿ ಹಾಸಿ ಮಗನನ್ನು ಮಲಗಿಸಿದಳು. ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

ಮಾಪಿನ ಕೋಲು ಮುರಿದಿತ್ತು. ಕುಕ್ಕರಗಾಲಲ್ಲಿ ಕೂತು ಬಳಿಯಬೇಕಾಯಿತು. ಬೂದಿ ಹಾಕಿ ಮೊದಲು ಹೊಲಸು ಗೋರಿದಳು. ಆಮೇಲೆ ನೀರು, ಆಮೇಲೆ ಫಿನಾಯಿಲು. ಕೈಗವಸು ಇರಲಿಲ್ಲ. ಬೆರಳಿನ ಸಂದಿಯ ಹಳೆಯ ಹುಣ್ಣಿಗೆ ಫಿನಾಯಿಲು ತಾಗಿ ಚುರ್ ಎಂದಿತು. ಮಂಚದ ಕೆಳಗೆ ತೂರುವಾಗ ತಾಯಂದಿರು ಕಾಲು ಮೇಲೆತ್ತಿಕೊಂಡರು. ಒಬ್ಬಳು ಹೇಳಿದಳು, "ಇಲ್ಲೂ ಐತಿ ನೋಡು, ಇಲ್ಲೂ." ಬಳಿದ ಜಾಗದಲ್ಲೇ ಇನ್ನೊಂದು ಕೂಸು ವಾಂತಿ ಮಾಡಿತು. ರಾಯವ್ವ ಹಿಂತಿರುಗಿ ಬಂದು ಅದನ್ನೂ ಬಳಿದಳು.

ಅವಳ ತಲೆಯ ಮೇಲೆ, ಮಂಚಗಳ ನಡುವೆ, ಸಿಸ್ಟರ್ ಶೀತಲ ಒಂದೊಂದೇ ಕೂಸನ್ನು ನೋಡುತ್ತ ಬರುತ್ತಿದ್ದಳು. ರಾಯವ್ವನಿಗೆ ಕೆಳಗಿನಿಂದ ಅವಳ ಕೈ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಎರಡು ಬೆರಳಿನಿಂದ ಕೂಸಿನ ಹೊಟ್ಟೆಯ ತೊಗಲನ್ನು ಹಿಡಿದೆತ್ತಿ ಬಿಡುತ್ತಿದ್ದಳು. ತೊಗಲು ಹೇಗೆ ಹಿಂದಕ್ಕೆ ಹೋಗುತ್ತದೆಂದು ನೋಡುತ್ತಿದ್ದಳು. ಆಮೇಲೆ ಕಣ್ಣು ನೋಡುತ್ತಿದ್ದಳು. ಚಮಚದಲ್ಲಿ ನೀರು ಕೊಟ್ಟು, ಕುಡಿಯುತ್ತದೋ ಇಲ್ಲವೋ ನೋಡುತ್ತಿದ್ದಳು. "ಇದಕ್ಕ ಪುಡಿ ಕಲಸಿದ ನೀರ ಸಾಕು." "ಇದಕ್ಕ ಸಲೈನ್ ಹಚ್ಚಬೇಕು." ಎಲ್ಲ ಕೂಸಿನದೂ ಅಷ್ಟೇ, ಹೊಟ್ಟೆ, ಕಣ್ಣು, ಚಮಚ.

ಕಟಕೋಳದಿಂದ ಬಂದಿದ್ದ ಮುದುಕಿ ಹಮೀದಾಬಿಯ ಮೊಮ್ಮಗಳು ನಾಜಿಮಾ ಚಮಚವನ್ನೇ ಕಿತ್ತುಕೊಂಡು, ನೀರು ಸಾಲದೆ ವಾರ್ಡು ಹಾರಿಹೋಗುವ ಹಾಗೆ ಕಿರುಚಿತು.

"ಏನ್ ಮಾಡ್ಲಿರಿ ಸಿಸ್ಟರ್, ಒಂದ ಸವನ ನೀರ ಬೇಡತಾಳ," ಅಂದಳು ಹಮೀದಾಬಿ.

"ಬೇಡಲಿ ಅಜ್ಜಿ. ಕೊಟ್ಟಷ್ಟೂ ಕುಡೀಲಿ. ನೀರ ಕೊಡೂದ ನಿಲ್ಲಸಬ್ಯಾಡ್ರಿ."

ಮಂಚದ ಕೆಳಗಿದ್ದ ರಾಯವ್ವನ ಕೈ ಒಂದು ಗಳಿಗೆ ನಿಂತಿತು. ಒದ್ದೆ ಬಟ್ಟೆ ಚೀಪುತ್ತಿದ್ದ ಮಗನ ಬಾಯಿ ಕಣ್ಣ ಮುಂದೆ ಬಂತು. ಎದ್ದು ನಿಂತಳು. ಸಿಸ್ಟರ್ ಆಗಲೇ ಬಾಗಿಲ ಮೂಲೆಯ ಹತ್ತಿರವಿದ್ದಳು.

"ಯಾರದಿದು ಕೂಸು?"

"ನಂದರಿ."

ಸಿಸ್ಟರ್ ರಾಯವ್ವನನ್ನು ನೋಡಿದಳು. ಜಾಕೀಟು ನೋಡಿದಳು. ಮೊಣಕೈತನಕ ಮೆತ್ತಿಕೊಂಡ ಹೊಲಸು ನೋಡಿದಳು. ಹಿಂದಿನ ದಿನದಿಂದ ಮನೆಗೆ ಹೋಗದವಳು ಅವಳು, ಕಣ್ಣಿನ ಸುತ್ತ ಕಪ್ಪು ಇಳಿದಿತ್ತು. ನಿಂತಲ್ಲಿಂದಲೇ ಮೂಲೆಗೆ ಕಣ್ಣು ಹಾಯಿಸಿದಳು.

"ನಿದ್ದಿ ಹತ್ತೈತಿ ಬಿಡು. ಶಾಣ್ಯಾ ಕೂಸು, ಗದ್ದಲಿಲ್ಲ ಏನಿಲ್ಲ. ಅಳೂವು ಮೊದಲ ನೋಡತೇನಿ, ಆಮ್ಯಾಲ ಬರತೇನಿ."

ರಾಯವ್ವ ನಕ್ಕಳು. ಹೌದು, ನಕ್ಕಳು. ಶಾಣ್ಯಾ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಮುಖ ತಾನಾಗಿ ನಗುವಷ್ಟು ಪಳಗಿತ್ತು. ರಾತ್ರಿ ನೀರು ಕುಡಿಸಿಲ್ಲ ಎಂಬುದನ್ನು ಹೇಳಲೇ ಇಲ್ಲ. ಬಗ್ಗಿ ಮತ್ತೆ ಬಟ್ಟೆ ಹಿಂಡಿದಳು.

ಒಂದು ಸಾಲು ಮುಗಿಸಿ ಬಾಗಿಲ ಮೂಲೆಗೆ ಬಂದಾಗ ಭೀಮಶಿ ಮಲಗಿಸಿದ ಹಾಗೇ ಇದ್ದ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಗುಳಿಬಿದ್ದ ಕಣ್ಣಿನ ಅರ್ಧ ತೆರೆದ ಸಂದಿಯಲ್ಲಿ ಒಂದು ನೊಣ ಕೂತಿತ್ತು. ನೊಣ ಕಣ್ಣಿನೊಳಗೆ ನಡೆದಾಡಿತು. ರೆಪ್ಪೆ ಅಲುಗಲಿಲ್ಲ.

ರಾಯವ್ವ ಜಾಕೀಟಿಗೇ ಕೈ ಒರೆಸಿಕೊಂಡಳು. ಮಗನ ಅಂಗಿ ಸರಿಸಿ, ಸಿಸ್ಟರ್ ಹಿಡಿದ ಹಾಗೆ ಎರಡು ಬೆರಳಿನಿಂದ ಹೊಟ್ಟೆಯ ತೊಗಲು ಹಿಡಿದು ಬಿಟ್ಟಳು. ಅದು ಹಿಂದಕ್ಕೆ ಹೋಗಲಿಲ್ಲ. ಹಿಂಡಿಟ್ಟ ಒರೆಸುಬಟ್ಟೆಯ ನೆರಿಗೆಯ ಹಾಗೆ ಎದ್ದೇ ನಿಂತಿತು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಉಳಿದ ಮಕ್ಕಳದು ಹೀಗೆ ನಿಂತಿರಲಿಲ್ಲ ಎಂಬುದಷ್ಟೇ ಗೊತ್ತಿತ್ತು.

"ಅಕ್ಕಾರ, ನನ್ನ ಕೂಸಿನ ಹೊಟ್ಟಿನೂ ಒಂದೀಟ ಹಿಡದ ನೋಡ್ರಿ."

ಸಿಸ್ಟರ್ ಬೇರೊಂದು ಕೂಸಿನ ಕೈಯಲ್ಲಿ ನರ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ. "ಆಗಳೆ ನೋಡೇನಲ್ಲ."

"ನೋಡೀರಿ. ಮುಟ್ಟಿಲ್ಲ."

ಮಂಚಗಳ ಮೇಲಿದ್ದ ದೊಡ್ಡವರೆಲ್ಲ ಇತ್ತ ತಿರುಗಿ ನೋಡಿದರು. ಗೌರೀಶ ಬಾಗಿಲಿನಿಂದ ಒಳಗೆ ಬಂದ.

"ಏ, ಬಾಯಿ ಹೆಚ್ಚಾತು ನಿಂದು. ಆ ಕಡಿ ಸಾಲ ಹಂಗ ಬಿದ್ದೈತಿ. ಅದನ್ನ ಮುಗಸ ಮೊದಲ."

"ಬಳಿಯೂದಿಲ್ರಿ."

ಆ ಮಾತು ಅವಳಿಗೇ ಹೊಸದು. ಜೋರಾಗಿ ಹೇಳಲಿಲ್ಲ. ದಣಿದವರು ಇನ್ನು ನಡೆಯಲಾರೆ ಎನ್ನುವ ಹಾಗೆ ಹೇಳಿದಳು.

"ಏನಂದಿ?"

"ಬಳಿಯೂದಿಲ್ಲ ಅಂದೇನ್ರಿ. ನನ್ನ ಕೂಸಿನ ಹೊಟ್ಟಿ ಮುಟ್ಟೂ ತನಕ ಈ ಕೋಣ್ಯಾಗಿನ ಹೊಲಸ ನಾ ಮುಟ್ಟೂದಿಲ್ಲ."

"ಪಂಚಾಯ್ತಿಗೆ ಫೋನ್ ಹಚ್ಚತೇನಿ ನೋಡು. ನಾಳಿಂದ ನಿನಗ ಗಾಡಿ ಇರೂದಿಲ್ಲ."

"ಹಚ್ಚರಿ. ನಾನೂ ಭಾಳ ದಣದೇನಿ."

ಅವಳು ಜಾಕೀಟು ಬಿಚ್ಚಿದಳು. ಬಕೀಟಿನ ಮೇಲೆ ಹಾಕಿದಳು. ಮಗನನ್ನು ಎತ್ತಿಕೊಂಡು ಬಂದು ವಾರ್ಡಿನ ನಟ್ಟನಡುವೆ, ಬಳಿದ ನೆಲ ಮುಗಿದು ಬಳಿಯದ ನೆಲ ಶುರುವಾಗುವಲ್ಲಿ, ಕಾಲು ಚಾಚಿ ಕುಳಿತಳು. ಅತ್ತ ಹೋಗುವವರೂ ಇತ್ತ ಬರುವವರೂ ಅವಳನ್ನು ದಾಟಿಯೇ ಹೋಗಬೇಕು.

"ಆ ಜಾಕೀಟ ಹಾಕ್ಕೊಂಡಾಗ ನಾ ನಿಮಗ ಕಸಬರಗಿ ಕಾಣತೇನಿ. ಈಗ ತೆಗದೇನಿ. ಈಗರೆ ಒಬ್ಬಾಕಿ ತಾಯಿ ಕಾಣತಾಳೇನ ನೋಡ್ರಿ."

ಗೌರೀಶ ಅವಳ ರಟ್ಟೆ ಹಿಡಿದು ಎಬ್ಬಿಸಬೇಕೆಂದು ಮುಂದೆ ಬಂದ. ಅವಳ ಮೊಣಕೈತನಕ ಇನ್ನೂ ಮೆತ್ತಿದ್ದನ್ನು ಕಂಡು ನಿಂತ. ಆ ಹೊಲಸು ಅವಳನ್ನು ಕಾಯ್ದದ್ದು ಅದೊಂದೇ ಸಲ. ಅಷ್ಟರಲ್ಲಿ ಹಮೀದಾಬಿ ಮೊಮ್ಮಗಳನ್ನು ಕಂಕುಳಿಗೆ ಏರಿಸಿಕೊಂಡು ಮಂಚದಿಂದ ಇಳಿದಳು.

"ಸಿಸ್ಟರ್, ನನ್ನ ಪಾಳಿ ಮುಗದದ. ಮಂಚ ಬಿಡತೇನಿ, ಇಲ್ಲೆ ಹಾಕ್ರಿ ಆ ಕೂಸಿಗೆ. ಆಗಳಿಂದ ನಮ್ಮ ಮಕ್ಕಳ ಹೊಲಸ ಬಳದಾಳ ಆ ಹೆಣ್ಮಗಳು. ನಾವೂ ಕಾಲ ಎತಗೊಂಡ ಸುಮ್ಮ ಕುಂತೇವಿ. ನಮಗರೆ ನಾಚಿಕಿ ಬ್ಯಾಡೇನು?"

ಸಿಸ್ಟರ್ ಶೀತಲ ಬಂದಳು. ಮಂಡಿಯೂರಿದಳು. ಭೀಮಶಿಯ ಹೊಟ್ಟೆಯ ತೊಗಲು ಹಿಡಿದು ಬಿಟ್ಟಳು. ಮತ್ತೊಮ್ಮೆ ಹಿಡಿದು ಬಿಟ್ಟಳು. ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಚಮಚದ ನೀರು ತುಟಿಗೆ ಹನಿಸಿದಳು, ಅದು ಕಟವಾಯಿಯಿಂದ ಹೊರಗೆ ಹರಿಯಿತು.

"ಗೌರೀಶ, ಓಡ್ರಿ. ಡಾಕ್ಟರ್‌ನ ಕರಕೊಂಡ ಬರ್ರಿ. ಈಗಿಂದೀಗ."

ಹಮೀದಾಬಿ ಬಿಟ್ಟ ಮಂಚದ ಮೇಲೆ ಭೀಮಶಿಯನ್ನು ಮಲಗಿಸಿದರು. ನರ ಸಿಗಲಿಲ್ಲ. ಕೈಗೆ ಚುಚ್ಚಿದರು, ಕಾಲಿಗೆ ಚುಚ್ಚಿದರು, ಮತ್ತೆ ಕೈಗೆ ಚುಚ್ಚಿದರು. ಭೀಮಶಿ ಒಂದಕ್ಕೂ ಅಳಲಿಲ್ಲ. ಸೂಜಿಗೂ ಅಳದ ಮಗನನ್ನು ನೋಡುತ್ತ ರಾಯವ್ವ ತನ್ನ ಬಲಗೈಯ ತೋರುಬೆರಳನ್ನು ಎಡಗೈ ಮುಷ್ಟಿಯಲ್ಲಿ ಹಿಚುಕಿ ಹಿಡಿದುಕೊಂಡಿದ್ದಳು. ಕಡೆಗೆ ತಲೆಯ ಕೂದಲು ಬೋಳಿಸಿ ಅಲ್ಲಿ ನರ ಹುಡುಕಿದರು. ಸಲೈನು ಇಳಿಯತೊಡಗಿತು.

"ಯಾವಾಗಿಂದ ಹಿಂಗ ಸುಮ್ಮ ಅದಾನ?" ಡಾಕ್ಟರು ಕೇಳಿದರು.

"ನಸಿಕಿನ್ಯಾಗಿಂದರಿ."

"ಮತ್ತ ಬಂದ ಕೂಡ್ಲೆ ಯಾಕ ಹೇಳಲಿಲ್ಲ? ಅಳೂ ಕೂಸಿನಕಿಂತ ಹಿಂತಾವು ಮೊದಲ ಬರಬೇಕು. ಇನ್ನೊಂದ ತಾಸ ತಡಾ ಆಗಿದ್ರ ನಮ್ಮ ಕೈಯಾಗಿದ್ದಿಲ್ಲ ಇದು. ನಿಮಗ ಕೂಸಿನ ಮ್ಯಾಲ ಖಬರ ಇರೂದಿಲ್ಲೇನು?"

ರಾಯವ್ವ ಸಿಸ್ಟರನ್ನು ನೋಡಿದಳು. ಸಿಸ್ಟರ್ ಸೂಜಿಯ ಮೇಲೆ ಹಚ್ಚಲು ಅಂಟುಪಟ್ಟಿ ಹರಿಯುತ್ತಿದ್ದಳು. ಪಟ್ಟಿ ಅವಳ ಬೆರಳಿಗೇ ಅಂಟಿಕೊಂಡಿತು.

"ಶಾಣ್ಯಾ ಅದಾನ ಅಂದ್ರು ಸಾಹೇಬ್ರ," ಅಂದಳು ರಾಯವ್ವ. "ನಾನೂ ಹಂಗ ತಿಳಕೊಂಡೆ."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು, ಕಾಲಡಿ ನೋಡಿಕೊಳ್ಳುತ್ತ.

ಮಧ್ಯಾಹ್ನವೆಲ್ಲ ರಾಯವ್ವ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಮಂಚದಿಂದ ಕದಲಲಿಲ್ಲ. ಆಕಡೆಯ ಸಾಲು ಬಳಿಯದೆ ಹಾಗೇ ನಾರಿತು. ಯಾರೋ ಗೊಣಗಿದರು. ಗೌರೀಶ ಪ್ಯಾಂಟು ಮಡಿಸಿ, ಕರ್ಚೀಪಿನ ಮೇಲೊಂದು ಟವೆಲು ಸುತ್ತಿ, ಕಡೆಗೆ ತಾನೇ ಬಟ್ಟೆ ಹಿಡಿದ. ಹೊಲಸನ್ನು ಅತ್ತಿಂದಿತ್ತ ಸವರಿದ, ಅಷ್ಟೇ. ಹೊರಗೆ ಹೋಗಿ ಕಕ್ಕಿ ಬಂದ. ನೋಡಲಾಗದೆ ರಾಯವ್ವನ ಕೈ ಎರಡು ಸಲ ಮೇಲೆದ್ದಿತು. ಎರಡು ಸಲವೂ ಅವಳು ಮಗನ ಪಾದ ಹಿಡಿದುಕೊಂಡಳು. ಭೀಮಶಿಯ ಹೊಲಸನ್ನು ಮಾತ್ರ ಅವಳೇ ತೆಗೆದಳು.

ಹೊತ್ತು ಇಳಿಯುವಾಗ ಅವಳ ತೊಡೆ ಬೆಚ್ಚಗೆ ಒದ್ದೆಯಾಯಿತು. ಮಗ ಉಚ್ಚೆ ಹೊಯ್ದಿದ್ದ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಒಂದು ಸಣ್ಣ ದನಿ ಬಂತು. ಆಮೇಲೆ ಇನ್ನೊಂದು. ಆಮೇಲೆ ಭೀಮಶಿ ಬಾಯಿ ಪೂರ್ತಿ ತೆರೆದು, ಮುಖ ಕೆಂಪಗೆ ಮಾಡಿ, ಕಾಲು ಝಾಡಿಸಿ ಅಳತೊಡಗಿದ. ಕೆನ್ನೆಯ ಮೇಲೆ ನೀರಿಳಿಯಿತು.

"ಏ ಯವ್ವಾ, ಅದನ್ನ ಒಂದೀಟ ಸುಮ್ಮ ಮಾಡು. ಈಗರೆ ನಮ್ಮ ಕೂಸಿಗೆ ನಿದ್ದಿ ಹತ್ತೈತಿ," ಎದುರು ಮಂಚದ ಗಂಡಸೊಬ್ಬ ಹೇಳಿದ.

ರಾಯವ್ವನ ಬೆರಳು ತುಟಿಯತನಕ ಹೋಯಿತು. ಅಲ್ಲೇ ನಿಂತಿತು. ಆ ಬೆರಳಿನಿಂದ ಮಗನ ಕೆನ್ನೆ ಮುಟ್ಟಿದಳು. ಬೆರಳು ತೊಯ್ದದ್ದನ್ನು ನೋಡಿದಳು. ಆಮೇಲೆ ಅವಳೂ ಅತ್ತಳು, ಬಾಯಿ ಮುಚ್ಚಿಕೊಳ್ಳದೆ.

"ಅಳಲಿ ಬಿಡ್ರಿ," ಅಂದಳು.

ಪಂಚಾಯಿತಿಗೆ ಫೋನು ಹೋಗಿತ್ತು. ಅಲ್ಲಿಯ ಮೇಸ್ತ್ರಿ ಬಾಯಿಗೆ ಬಂದದ್ದು ಬೈದ. ಗಾಡಿ ಕಿತ್ತುಕೊಳ್ಳಲಿಲ್ಲ. ರೋಗ ಬಿದ್ದ ಊರಿನಲ್ಲಿ ಆ ಗಾಡಿಗೆ ಬೇರೆ ಯಾರೂ ಕೈ ಹಚ್ಚುವವರಿರಲಿಲ್ಲ. ಕೇರಿಗೆ ಟ್ಯಾಂಕರು ಆಮೇಲೂ ಬರಲಿಲ್ಲ. ಶೆಟ್ಟೆವ್ವ ಸೇರಿ ಕೇರಿಯವರೆಲ್ಲ ಈಗ ಸಂಡಾಸು ಹತ್ತಿದ ಮಕ್ಕಳಿಗೆ ನೀರು ಕಾಯಿಸಿ, ಆರಿಸಿ ಕುಡಿಸುತ್ತಾರೆ. ರಾಯವ್ವ ಮನೆ ಮನೆಗೆ ಹೋಗಿ ಹೇಳಿದ್ದಾಳೆ. ಸುಮ್ಮನಾದ ಕೂಸಿದ್ದರೆ ಎತ್ತಿಕೊಂಡು ಓಡಿರಿ ಎಂದೂ ಹೇಳಿದ್ದಾಳೆ.

ಮಗ ಚೇತರಿಸಿಕೊಂಡ ಮೇಲೆ ಅವಳು ಮತ್ತೆ ಪೇಟೆ ಓಣಿಗೆ ಹೋದಳು. ಅದೇ ಗಾಡಿ, ಅದೇ ಜಾಕೀಟು, ಅದೇ ಕ್ರೇಟು. ಭೀಮಶಿಯ ತಲೆಯ ಬೋಳಿಸಿದ ಜಾಗದಲ್ಲಿ ಇನ್ನೂ ಕೂದಲು ಬಂದಿರಲಿಲ್ಲ. ಎಳೆಬಿಸಿಲು ಕಣ್ಣಿಗೆ ಬಿದ್ದು ಅವನು ಅಳುತ್ತಿದ್ದ. ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಅಳುತ್ತಿದ್ದ. ರಾಯವ್ವ ಅವನ ಬಾಯಿಗೆ ಬೆಲ್ಲ ಇಡಲಿಲ್ಲ, ಬೆರಳೆತ್ತಲಿಲ್ಲ. ಆ ದಿನ ಸೀಟಿಯನ್ನೂ ಊದಲಿಲ್ಲ. ಊದುವ ಮೊದಲೇ ಬಾಗಿಲುಗಳು ತೆರೆಯುತ್ತಿದ್ದವು.

ಸಾವಿತ್ರೆವ್ವ ಬುಟ್ಟಿ ಹಿಡಿದು ಹೊರಗೆ ಬಂದಳು. ಕಟ್ಟೆಯ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ಏನ ರಾಯವ್ವಾ ಇದು. ನಿನ್ನ ಮಗ ಮೊದಲ ಎಷ್ಟ ಶಾಣ್ಯಾ ಇದ್ದ."

"ಹೌದ್ರಿ ಅವ್ವಾರ," ಅಂದಳು ರಾಯವ್ವ, ಬುಟ್ಟಿ ಸುರಿಯುತ್ತ. "ಸಾಯಾಕ ಹತ್ತಿದ್ದರಿ."

ಖಾಲಿ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಅಳುವ ಮಗನನ್ನು ಅಳಲು ಬಿಟ್ಟು, ಗಾಡಿಯನ್ನು ಮುಂದಿನ ಬಾಗಿಲಿಗೆ ತಳ್ಳಿದಳು.